ನೋಣಯ್ಯನ ತೂತುಗಳು

ಆ ಶುಕ್ರವಾರ ನೋಣಯ್ಯನಿಗೆ ಸಿಟ್ಟು ಬಂದದ್ದು ಬೆಳಿಗ್ಗೆ ಏಳು ಗಂಟೆಗೆ. ಅದರ ಬೆಲೆ ಗೊತ್ತಾದದ್ದು ಸಂಜೆ ಐದು ಗಂಟೆಗೆ.

ಮಂಗಳೂರಿನ ಹೊರವಲಯದ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹುಲ್ಲು ನೋಡಿಕೊಳ್ಳುವವನು ಅವನೇ. ಏಪ್ರಿಲ್ ಬಿಸಿಲಿಗೆ ನೆಲ ಮುರಕಲ್ಲಿನಂತೆ ಗಟ್ಟಿಯಾಗಿ, ಎಷ್ಟು ನೀರು ಬಿಟ್ಟರೂ ಬೇರಿಗೆ ತಲುಪದೆ ಬದಿಗೆ ಹರಿದು ಹೋಗುತ್ತಿತ್ತು. ಅದಕ್ಕೆ ಮದ್ದು ಒಂದೇ: ಹುಲ್ಲುಹಾಸಿಗೆ ಬೆರಳುದ್ದದ ತೂತು ಹೊಡೆದು ಹೊಳೆಮರಳು ತುಂಬುವುದು. ಚೆಂಡು ಬೀಳುವ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿಗೆ ಕ್ಲಬ್ಬಿನವರು ಗ್ರೀನ್ ಎನ್ನುತ್ತಾರೆ. ಅಂಥವು ಒಂಬತ್ತಿದ್ದವು. ಭಾನುವಾರ ದೊಡ್ಡ ಪಂದ್ಯ, ದುಬೈಯಿಂದ ಅತಿಥಿಗಳು ಬರುವವರಿದ್ದರು. "ಒಂದು ಗ್ರೀನ್ ಕೆಟ್ಟು ಕಂಡರೂ ನಿನ್ನ ಕೆಲಸ ಹೊರಗಿನ ಕಂಪೆನಿಗೆ ಹೋಗ್ತದೆ" ಎಂದು ಕಾರ್ಯದರ್ಶಿ ಯೂಸ್ಟೇಸ್ ಮೊದಲೇ ಎಚ್ಚರಿಸಿದ್ದರು. ತೂತು ಬಿದ್ದ ಹಾಸಿನಲ್ಲಿ ಚೆಂಡು ನೆಟ್ಟಗೆ ಉರುಳುವುದಿಲ್ಲ. ಆದ್ದರಿಂದ ನೋಣಯ್ಯ ಆ ಒಂಬತ್ತನ್ನು ಮುಟ್ಟದೆ, ಕ್ಲಬ್ ಹೌಸಿನ ಎದುರು ಅಭ್ಯಾಸಕ್ಕೆಂದು ಇದ್ದ ಚಿಕ್ಕ ಹುಲ್ಲುಹಾಸಿಗೆ ಮಾತ್ರ ಸಾವಿರ ತೂತು ಹೊಡೆದ.

ಮೊದಲು ಬಂದವರು ಬ್ಯಾಂಕಿನಿಂದ ನಿವೃತ್ತರಾದ ಆರ್ಥರ್. "ಎಂತ ಮಾರಾಯ ಇದು, ನೀರುದೋಸೆಯ ಹಾಗೆ ಮಾಡಿ ಇಟ್ಟಿದ್ದೀಯಲ್ಲ?"

"ಹುಲ್ಲಿಗೆ ಉಸಿರಾಡ್ಲಿಕ್ಕೆ, ಸರ್."

"ನಾನು ಮೂವತ್ತೈದು ವರ್ಷ ಮನೆಯಲ್ಲಿ ಕ್ರೋಟನ್ ಬೆಳೆಸಿದ್ದೇನೆ. ಒಂದಕ್ಕೂ ಉಸಿರು ಕಟ್ಟಲಿಲ್ಲ."

ದಂತವೈದ್ಯೆ ಶಮೀಮಾ ಬಗ್ಗಿ ನೋಡಿ, ಇದು ಹೆಗ್ಗಣದ ಕೆಲಸವೆಂದು ತೀರ್ಪು ಕೊಟ್ಟು, ಫೋಟೊ ತೆಗೆದು ಕ್ಲಬ್ಬಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಅದನ್ನು ನೋಡಿದ ವಾಲ್ಟರ್ ಎಂಬ ಸದಸ್ಯರು ಕಂಕನಾಡಿಯಿಂದ ಒಣಮೀನು ಸಿಕ್ಕಿಸಿದ ಎರಡು ಇಲಿಬೋನು ಹಿಡಿದುಕೊಂಡೇ ಬಂದರು. ಒಣಮೀನಿನ ವಾಸನೆಗೆ ಬೀದಿನಾಯಿಗಳು ಬಂದವು. ನಾಯಿಗಳನ್ನು ಅಟ್ಟಲು ಓಡಿದ ನೋಣಯ್ಯ ಬೋನಿಗೆ ಎಡವಿ ಮರಳಿನ ರಾಶಿಯ ಮೇಲೆ ಮಗುಚಿ ಬಿದ್ದ.

ಅವನು ಎದ್ದು ಮರಳು ಕೊಡವಿಕೊಳ್ಳುವಷ್ಟರಲ್ಲಿ ಮೂವತ್ತು ಸದಸ್ಯರು ಸೇರಿದ್ದರು. ನಡುವೆ ಯೂಸ್ಟೇಸ್.

"ಸಂಜೆಯೊಳಗೆ ಈ ತೂತೆಲ್ಲ ಮುಚ್ಚಿರಬೇಕು, ನೋಣಯ್ಯ."

ಇಪ್ಪತ್ತೆರಡು ವರ್ಷ 'ಆಯ್ತು ಸರ್' ಎಂದ ಬಾಯಿ ಅದು. ಅವತ್ತು ಮಾತ್ರ ತಾಳ್ಮೆಯ ಕಟ್ಟೆ ಒಡೆಯಿತು.

"ಮುಚ್ಚುದಿಲ್ಲ. ಹುಲ್ಲನ್ನು ಮೇಲಿಂದ ನೋಡಿದರೆ ಸಾಕಾ? ಅಡಿಯಲ್ಲಿ ಬೇರು ಸಾಯ್ತಾ ಉಂಟು. ನಿಮಗೆ ಎಸಿ ಉಂಟು, ಎಳನೀರು ಉಂಟು, ಅದಕ್ಕೆ ಎಂತ ಉಂಟು? ತೂತು ಹೊಡೀಬೇಕು, ಮರಳು ತುಂಬಬೇಕು, ನೀರು ಕೊಡಬೇಕು. ಆಗ ಹಸಿರಾಗ್ತದೆ. ಗೊತ್ತಿಲ್ಲದಿದ್ದರೆ ಕೇಳಿ, ಬೋನು ಇಡ್ಬೇಡಿ."

ವಾಲ್ಟರ್ ಬೋನುಗಳನ್ನು ಬೆನ್ನ ಹಿಂದೆ ಅಡಗಿಸಿದರು. ಕೊನೆಗೆ ಆರ್ಥರ್ ಕನ್ನಡಕ ಒರೆಸಿಕೊಂಡು, "ತಪ್ಪು ನಮ್ಮದೇ. ಇವನು ಹೇಳುವುದರಲ್ಲಿ ಸತ್ಯ ಉಂಟು" ಎಂದರು. ಯೂಸ್ಟೇಸ್ ನೋಣಯ್ಯನ ಹೆಗಲ ಮೇಲೆ ಕೈಯಿಟ್ಟರು.

"ಮನೆಗೆ ಹೋಗಿ ಊಟ ಮಾಡಿ ಸ್ವಲ್ಪ ಮಲಗು. ಸಂಜೆ ಬಂದರೆ ಸಾಕು."

ನೋಣಯ್ಯ ಕಂಬಳದಲ್ಲಿ ಗೆದ್ದ ಕೋಣದಂತೆ ಬಸ್ಸು ಹತ್ತಿದ. ಹೆಂಡತಿ ಬಾಗಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಿ, ಗಂಜಿ ಉಂಡು, ನಿಶ್ಚಿಂತೆಯಿಂದ ನಿದ್ದೆ ಹೊಡೆದ.

ಐದು ಗಂಟೆಗೆ ಮರಳಿ ಬಂದಾಗ ಕ್ಲಬ್ಬಿನಲ್ಲಿ ಶ್ರಮದಾನ ಮುಗಿಯುತ್ತಿತ್ತು. ಆರ್ಥರ್ ಕೈಯಲ್ಲಿ ಹಾರೆ, ಶಮೀಮಾ ಕೈಯಲ್ಲಿ ಸ್ಕ್ರೂಡ್ರೈವರ್, ವಾಲ್ಟರ್ ತಲೆಯ ಮೇಲೆ ಮರಳಿನ ಬುಟ್ಟಿ. ಒಂಬತ್ತಕ್ಕೆ ಒಂಬತ್ತೂ ಗ್ರೀನ್‌ಗಳು ತೂತು ಬಿದ್ದು ಜರಡಿಯಾಗಿದ್ದವು.

"ನೀನು ಮಾಡಿದ್ದು ಒಂದು, ನಾವು ಒಂಬತ್ತೂ ಮುಗಿಸಿದೆವು," ಎನ್ನುತ್ತ ಯೂಸ್ಟೇಸ್ ಹೆಮ್ಮೆಯಿಂದ ಬೆವರು ಒರೆಸಿಕೊಂಡರು. "ನಾಡಿದ್ದಿಗೆ ಹಸಿರಾಗ್ತದಲ್ಲ?"

ನೋಣಯ್ಯ ಬಗ್ಗಿ ಒಂದು ತೂತಿಗೆ ಬೆರಳು ಹಾಕಿ ನೋಡಿದ. "ಮೂರು ವಾರ ಬೇಕು, ಸರ್."

ಆರ್ಥರ್ ಕೈಯಿಂದ ಹಾರೆ ಜಾರಿತು. ಯೂಸ್ಟೇಸ್ ಮುಖ ಕೆಂಪೇರಿತು.

"ಬೆಳಿಗ್ಗೆ ಅಷ್ಟು ಬೊಬ್ಬೆ ಹೊಡೆದೆಯಲ್ಲ. ಇದೊಂದು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದವರೇ ಉತ್ತರಕ್ಕೂ ಕಾಯದೆ, ಮೊಬೈಲ್ ತೆಗೆದು ಹೊರಗಿನ ಕಂಪೆನಿಯ ನಂಬರು ಒತ್ತಿದರು.