ತೀರ್ಪಿಗೆ ತಲೆಬಾಗಿದ ದೌಲತರಾಯರ ಎಮ್ಮೆಯ ಬಗ್ಗೆ

ವಿಶ್ವ ನ್ಯಾಯಾಲಯಗಳ ಬೆಂಬಲ ವಿಭಾಗದ ಹಿರಿಯ ಅಧಿಕಾರಿಗಳ ಪಾದಕ್ಕೆ ಕರಜಗಿಯ ಹೀರಾಬಾಯಿ ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಹೋದ ತಿಂಗಳು ತಾವು ಅಫಜಲಪುರಕ್ಕೆ ದಯಮಾಡಿಸಿ, ಅಂತರರಾಷ್ಟ್ರೀಯ ನ್ಯಾಯಾಲಯಗಳನ್ನು ಸರ್ಕಾರ ಎಷ್ಟು ಗೌರವಿಸುತ್ತದೆ ಎಂದು ಮಾಡಿದ ಭಾಷಣ ಕೇಳಿ ನನ್ನ ಕಣ್ತುಂಬಿ ಬಂತು. ಕಟ್ಟಡಕ್ಕೆ ಕಾಣಿಕೆ, ನ್ಯಾಯಾಧೀಶರಿಗೆ ಹಾರ, ಕಾನೂನಿನ ಆಳ್ವಿಕೆಗೆ ಜೈಕಾರ, ಎಲ್ಲವೂ ಉಂಟು. ತೀರ್ಪು ಮಾತ್ರ ನಾವು ಒಪ್ಪಿದರೆ ಅನ್ವಯಿಸುತ್ತದೆ ಎಂದು ಕೊನೆಗೆ ಮೆಲ್ಲಗೆ ಹೇಳಿದಿರಿ. ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನನ್ನ ಪಕ್ಕದ ಹೊಲದ ದೌಲತರಾಯರು.

ಅವರ ಎಮ್ಮೆ ನನ್ನ ಬೀಜದ ಕಬ್ಬನ್ನು ದಿನಾ ಮೇಯುತ್ತಿದೆ. ಅದು ಮುಗಿದರೆ ಮುಂದೆ ನೆಡಲು ನನ್ನ ಬಳಿ ಒಂದು ತುಂಡೂ ಇರುವುದಿಲ್ಲ. ಬೇವಿನ ಕಟ್ಟೆಯ ಪಂಚರು ಸೇರಿ, ಎಮ್ಮೆಯನ್ನು ತುಡುಗು ದನ ಕೂಡಿಹಾಕುವ ಕೊಂಡವಾಡಕ್ಕೆ ಹಾಕಬೇಕೆಂದು ತೀರ್ಪಿತ್ತರು. ದೌಲತರಾಯರು ಕಟ್ಟೆಗೆ ಹೊಸ ಜಮಖಾನ ಹಾಸಿದರು, ಪಂಚರಿಗೆ ಚಹಾ ಕುಡಿಸಿ ಶಾಲು ಹೊದಿಸಿದರು, ಆಮೇಲೆ ಕೈಮುಗಿದು, "ಪಂಚರ ಮಾತು ಅಂದ್ರ ನಮಗ ದೇವರ ಮಾತು ಇದ್ದಂಗ್ರಿ, ಆದ್ರ ನಮ್ಮ ಎಮ್ಮಿ ಈ ಕಟ್ಟಿಗೆ ಇನ್ನೂ ಒಪ್ಪಿಗಿ ಕೊಟ್ಟಿಲ್ರಿ" ಎಂದರು. ಶಾಲಿಗೆ ಕರಗಿದ ಪಂಚರು ಅವರನ್ನೇ ಕಟ್ಟೆಯ ಬೆಂಬಲ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದರು. ಎಮ್ಮೆಯ ಮೇಲೆ ಮಳೆ ಸುರಿದಂತೆ ಎಂಬ ಗಾದೆಯನ್ನು ನಾನು ಅಂದು ಕಣ್ಣಾರೆ ಕಂಡೆ. ಸನ್ಮಾನ ನಡೆಯುವಾಗ ಅದು ನನ್ನ ಕಬ್ಬಿನಲ್ಲೇ ಇತ್ತು.

ಆದ್ದರಿಂದ ತಾವೇ ಖುದ್ದಾಗಿ ಬಂದು ಆ ಎಮ್ಮೆಯ ಮನವೊಲಿಸಿ, ಗೊರಸಿನ ಗುರುತು ಒತ್ತಿಸಿಕೊಂಡು ಒಪ್ಪಂದ ಮಾಡಿಕೊಳ್ಳಬೇಕೆಂದು ವಿನಂತಿ. ಅದಾಗದಿದ್ದರೆ ಅದನ್ನು ಅಂತರರಾಷ್ಟ್ರೀಯ ನ್ಯಾಯಾಲಯವಿರುವ ಹೇಗ್ ನಗರಕ್ಕೆ ರಾಯಭಾರಿಯಾಗಿ ಕಳಿಸಿರಿ. ಅಲ್ಲಿ ಹುಲ್ಲು ಹುಲುಸಾಗಿದೆಯಂತೆ, ತೀರ್ಪು ಓದುವಾಗ ಮೆಲುಕು ಹಾಕುತ್ತ ತಲೆಯಾಡಿಸುವುದರಲ್ಲಿ ಅದು ತಮಗಿಂತ ಏನೂ ಕಡಿಮೆಯಿಲ್ಲ.

ತಮಾಷೆ ಇರಲಿ ಮಾನ್ಯರೇ, ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತಿದೆ. ಕಟ್ಟೆಗೆ ಜಮಖಾನ ಇಲ್ಲದಿದ್ದರೂ ನಡೆಯುತ್ತಿತ್ತು, ಎಮ್ಮೆಗೆ ಹಗ್ಗ ಬೇಕಿತ್ತು.

ತಮ್ಮ ಭಾಷಣದ ಫಲ ಉಣ್ಣುತ್ತಿರುವ ವಿಶ್ವಾಸಿ,
ಹೀರಾಬಾಯಿ

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ಎಮ್ಮೆಯನ್ನು ಹಿಡಿದು ನನ್ನ ಅಂಗಳದಲ್ಲಿ ಕಟ್ಟಿಕೊಂಡಿದ್ದೇನೆ, ಹಾಲು ಗಟ್ಟಿಯಾಗಿದೆ. ಕೂಡಲೇ ಬಿಡಬೇಕೆಂದು ಪಂಚರು ಇಂದು ತೀರ್ಪಿತ್ತರು. ನಾನು ತಲೆಬಾಗಿ ನಮಸ್ಕರಿಸಿ, ಅದೇ ಹಾಲಿನ ಚಹಾ ಮಾಡಿ ಎಲ್ಲರಿಗೂ ಕುಡಿಸಿ ಕಳಿಸಿದ್ದೇನೆ. ಹಗ್ಗ ಬಿಚ್ಚಿಲ್ಲ.