ಮಂಟಪದವರೂ ನಮ್ಮ ಮಾವನ ಹಾಸೂ

ಮದುವೆ ಮಂಟಪದ ಪಕ್ಕದಲ್ಲಿ ಮನೆಯಿದ್ದವರು ನಗುವುದಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಪ್ರಸಂಗಗಳು ತಾವಾಗಿಯೇ ಬಾಗಿಲಿಗೆ ಬರುತ್ತವೆ. ಸೇಲಂನ ನಮ್ಮ ನೇಕಾರರ ಬೀದಿಯ ತುದಿಯಲ್ಲಿ ಒಂದು ಚಿಕ್ಕ ಮಂಟಪವಿತ್ತು. ಪಕ್ಕದ ಸೈಟುಗಳನ್ನೆಲ್ಲ ಕೊಂಡು ಅದು ಏಸಿ ಹಾಲ್ ಆಯಿತು, ನಮ್ಮ ಬೀದಿಗೆ ಇನ್ನೊಂದು ಗೇಟು ಬಿಟ್ಟುಕೊಂಡಿತು. ಈಗ ಮುಹೂರ್ತ ಇದ್ದ ದಿನ ಬೀದಿ ತುಂಬ ಕಾರು.

ಕಾರು ನಿಂತರೆ ನಮ್ಮ ಮಾವನ ಕೆಲಸ ನಿಂತಿತು. ಮಗ್ಗಕ್ಕೆ ಏರಿಸುವ ಮೊದಲು ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಬೆಳಗಿನ ಜಾವ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ನಾನು ಸೊಸೆಯಾಗಿ ಬಂದ ಕಾಲದಲ್ಲಿ ದಿನಕ್ಕೊಂದು ಮನೆಯ ಹಾಸು ಬೀದಿಯಲ್ಲಿರುತ್ತಿತ್ತು, ಎಲ್ಲರ ಕೈಯೂ ಅದರ ಮೇಲಿರುತ್ತಿತ್ತು. ಈಗ ಉಳಿದವರು ಮಾವ ಒಬ್ಬರೇ. ಗಂಜಿ ಹಾಕಿದ ಹಾಸು ಮಿಲ್ಲಿನಲ್ಲೇ ಸಿಗುತ್ತದಲ್ಲ ಮಾವ ಅಂದರೆ, "ಅದು ಓಟ್ಲು ಊಟ ಕಣಮ್ಮ, ದಿನಾ ತಿನ್ನಕಾಗಲ್ಲ" ಅನ್ನುತ್ತಾರೆ. ಅವರನ್ನು ಅಂದು ಏನು ಪ್ರಯೋಜನ? ಆ ಬೆಳಗುಗಳು ನನಗೂ ಬೇಕು.

ನಾವು ಯಾವ ಕಡೆಯವರು

ಬೀದಿಗೆ ಕಾರು ಬಿಡಬೇಡಿ ಎಂದು ಹೇಳಲು ಒಂದು ದಿನ ಮಂಟಪಕ್ಕೆ ಹೊರಟೆವು. ಮಾವ ಮುಂದೆ, ಎದುರುಮನೆ ಅಜ್ಜಿ ಹಿಂದೆ, ಅಜ್ಜಿಯ ಕೈ ಹಿಡಿದುಕೊಂಡು ನಾನು. ಆಡಬೇಕಾದ ಮಾತನ್ನೆಲ್ಲ ದಾರಿಯಲ್ಲೇ ಹೊಂದಿಸಿಕೊಂಡಿದ್ದೆವು. ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಪನ್ನೀರು ಚಿಮುಕಿಸಿದರು. ಮ್ಯಾನೇಜರ್ ಓಡಿ ಬಂದು, "ಮೊದಲ್ಲೆ ಸಾಪ್ಪಿಡುಂಗ ತಾತಾ, ಊಟ ಆದ್ಮೇಲೆ ಮಾತಾಡನ" ಎಂದು ಪಂಕ್ತಿಯಲ್ಲಿ ಕೂರಿಸಿಯೇಬಿಟ್ಟ. ಎಲೆಯ ಮುಂದೆ ಕೂತು ಜಗಳ ಆಡುವುದು ಹೇಗೆ?

ಬಡಿಸುತ್ತ ಬಂದ ಹೆಂಗಸು ಪ್ರೀತಿಯಿಂದ ಅಜ್ಜಿಯನ್ನು ಕೇಳಿದಳು, "ನೀಂಗ ಪೊಣ್ಣು ವೀಡಾ, ಮಾಪ್ಪಿಳ್ಳೈ ವೀಡಾ?" ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ ಎಂದು.

ಅಜ್ಜಿ ಹೋಳಿಗೆ ಮುರಿಯುತ್ತ ಅಂದರು, "ನಾವು ಕಂಪ್ಲೇಂಟ್ ಕಡೆಯೋರು. ಒಸಿ ತುಪ್ಪ ಆಕಮ್ಮ."

ಆಡಿ ತಿಂಗಳ ನಿದ್ದೆ

ಗಟ್ಟಿಮೇಳ ಮೊಳಗಿದಾಗಲೆಲ್ಲ ಈ ಅಜ್ಜಿ ಮಂಚದ ಮೇಲೆ ಬೆಚ್ಚಿ ಎದ್ದು ಕೂರುತ್ತಾರೆ. ಮಂಟಪದವರಿಗೆ ಶಾಪ, ಮದುಮಕ್ಕಳಿಗೆ ಆಶೀರ್ವಾದ, ಎರಡೂ ಒಂದೇ ಉಸಿರಿನಲ್ಲಿ: "ಇವರ ಮೇಳ ಸುಡ, ನೂರ್ ಕಾಲ ಬಾಳ್ರಪ್ಪ!"

ಆಡಿ ತಿಂಗಳು, ಅಂದರೆ ಆಷಾಢ, ಬಂತು. ಮದುವೆಯಿಲ್ಲ, ಮಂಟಪ ಬಾಯಿ ಮುಚ್ಚಿತು. ಆಗ ನನಗೆ ಕೇಳಿಸಿದ್ದು ಮಾವನ ಮಗ್ಗದ ಸದ್ದು, ಅದೊಂದೇ. ಮೊದಲು ಆ ಮನೆಯ ಮಗ್ಗ ನಿಂತರೆ ಈ ಮನೆಯದು ಆಡುತ್ತಿತ್ತು. ಹಗಲಲ್ಲಿ ಬೀದಿ ಸುಮ್ಮನಾದದ್ದೇ ಇಲ್ಲ. ಮಾವ ಲಾಳಿ ಇಟ್ಟು ನೀರು ಕುಡಿಯಲು ಎದ್ದರು, ಎಲ್ಲ ನಿಂತುಹೋಯಿತು. ನನಗೆ ಅಳು ಬಂತು.

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಬಂದರು. ಅವರ ಕಣ್ಣೂ ಕೆಂಪಗಿತ್ತು. ಇವರಿಗೂ ಹಾಗೇ ಅನಿಸಿರಬೇಕು ಅಂದುಕೊಂಡೆ.

"ಆ ಮ್ಯಾನೇಜರ್‌ನ ಒಸಿ ಕೇಳ್ಕೊಂಡ್ ಬಾಮ್ಮ, ಮುಂದಿನ ಮದುವೆ ಯಾವತ್ತು ಅಂತ. ಆ ಮೇಳದ ಸದ್ದಿಲ್ದೆ ಮದ್ಯಾನ ನಿದ್ದೇನೇ ಬರ್ತಿಲ್ಲ."

ಬಗ್ಗಿ ಬಂದ ಬೀಗರು

ಆಡಿ ಕಳೆದು ಮೊದಲ ಮುಹೂರ್ತ. ಗೊತ್ತಿದ್ದೇ ಮಾವ ಬೆಳಕು ಹರಿಯುವ ಮುಂಚೆ ಹಾಸು ಎಳೆದು ಕಟ್ಟಿದರು. ಕಾರುಗಳು ಬೀದಿಯ ಬಾಯಲ್ಲೇ ನಿಂತವು, ಗಂಡಿನ ಕಡೆಯವರು ಇಳಿದು ನಡೆದು ಬಂದರು. ಮಂಟಪದ ಗೇಟು ಹಾಸಿನ ಆಚೆ ಬದಿಗಿತ್ತು. ಎಳೆದು ಕಟ್ಟಿದ ಹಾಸನ್ನು ನಮ್ಮಲ್ಲಿ ಯಾರೂ ದಾಟುವಂತಿಲ್ಲ, ಅಡಿಯಲ್ಲಿ ಬಗ್ಗಿಯೇ ಹೋಗಬೇಕು. ಮಾವ ಕುಂಚ ಎತ್ತಿ ಕೂಗಿದರು, "ಕುನಿಂಜು ವಾಂಗ! ಬಗ್ಗಿ, ಬಗ್ಗಿ!"

ಮದುಮಗ ಬಗ್ಗಿದ. ಅವನ ಅಪ್ಪ ಅಮ್ಮ ಬಗ್ಗಿದರು. ದಪ್ಪನೆಯ ಸೋದರಮಾವ ರೇಷ್ಮೆ ಪಂಚೆಯಲ್ಲಿ ಅಂಬೆಗಾಲಿಟ್ಟರು. ಗಂಡಿನವರು ಇದು ಹೆಣ್ಣಿನವರ ಶಾಸ್ತ್ರ ಅಂದುಕೊಂಡರು, ಗೇಟಿನಲ್ಲಿ ನಿಂತಿದ್ದ ಹೆಣ್ಣಿನವರು ಗಂಡಿನವರ ಶಾಸ್ತ್ರ ಅಂದುಕೊಂಡರು. ಕೇಳಿದರೆ ಎಲ್ಲಿ ಬೇಜಾರಾಗುತ್ತಾರೋ ಎಂದು ಇಬ್ಬರೂ ಕೇಳಲಿಲ್ಲ. ಕೊನೆಗೆ ಒಬ್ಬ ಹಿರಿಯಮ್ಮ ಹಾಸನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಮೇಲೆ ಕೈತುಂಬ ಅಕ್ಷತೆ ಎರಚಿದರು. ಗಂಜಿ ಇನ್ನೂ ಹಸಿ. ಅಕ್ಕಿಯೆಲ್ಲ ಅಂಟಿಕೊಂಡಿತು.

ಮಾವ ಮಧ್ಯಾಹ್ನದವರೆಗೂ ಕೂತು ಅಕ್ಕಿ ಆಯ್ದರು. "ನೇಯೋಕ್ ಮುಂಚೇನೇ ಈ ಸೀರೆಗೆ ಮದುವೆ ಆಗೋಯ್ತು ಕಣಮ್ಮ" ಅಂದರು.

ಫೋಟೋಕ್ಕೊಂದು ಹಾಸು

ಬೀಗರು ಹಾಸಿನಡಿ ಬಗ್ಗಿದ್ದನ್ನು ಯಾರೋ ಫೋಟೋ ತೆಗೆದಿದ್ದರು; ಅವು ಫೋನಿನಿಂದ ಫೋನಿಗೆ ಓಡಿದವು. ಒಂದು ಬೆಳಿಗ್ಗೆ ಮ್ಯಾನೇಜರ್ ಹಣ್ಣು ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂತ. ಈಗ ಬುಕಿಂಗ್‌ಗೆ ಬಂದವರೆಲ್ಲ ಆ ನೂಲು ಶಾಸ್ತ್ರ ನಮಗೂ ಬೇಕು ಅನ್ನುತ್ತಾರಂತೆ.

ಮಾವನ ಮುಖ ಅರಳಿತು. "ಯಾವ ನೂಲು ಆಕನ?"

"ನೂಲೇ ಬ್ಯಾಡ ತಾತಾ. ರೋಸ್ ಕಲರ್ ನೈಲಾನ್ ದಾರ, ನಾವೇ ತರ್ತೀವಿ."

"ಅದಕ್ಕೆ ಗಂಜಿ ಇಡಿಯಲ್ಲ. ನೇಯೋದೆಂಗೆ?"

"ನೇಯೋದ್ಯಾಕೆ ತಾತಾ? ಫೋಟೋಕ್ಕೆ ತಾನೆ!"

ಮಾವ ಕೇಳಿದರು, "ಅಂಗಾದ್ರೆ ಮದುವೇನೂ ಫೋಟೋಕ್ಕೇನಾ?"

"ಆಮಾ ತಾತಾ, ಫೋಟೋಕ್ಕೇ" ಅಂದ ಅವನು, ಒಂದಿಷ್ಟೂ ನಗದೆ.

ಮಾವ ಒಂದೇ ಮಾತು ಹೇಳಿದರು: ಹಾಸು ನನ್ನದು, ನಿಜವಾದದ್ದು; ಮದುವೆಯ ದಿನ ಬೀದಿಯಲ್ಲಿ ಒಂದು ಕಾರೂ ಇರಬಾರದು. ಮ್ಯಾನೇಜರ್ ಒಪ್ಪಿದ.

ಮುಂದಿನ ಮದುವೆಯ ಬೆಳಿಗ್ಗೆ ಬೀದಿ ಖಾಲಿಯಾಗಿ, ಉದ್ದಕ್ಕೆ, ನಾನು ಬಂದ ಕಾಲದ ಹಾಗೇ ಕಂಡಿತು. ಹಾಸು ಎಳೆಯುತ್ತಿದ್ದಂತೆ ಮಗ್ಗ ಬಿಟ್ಟು ಎಷ್ಟೋ ಕಾಲವಾದವರೆಲ್ಲ ಮನೆಗಳಿಂದ ಹೊರಗೆ ಬಂದರು. ಯಾರೂ ಕರೆದಿರಲಿಲ್ಲ. ವಾಚ್‌ಮನ್ ಕೆಲಸಕ್ಕೆ ಸೇರಿದ್ದವರು ಯೂನಿಫಾರ್ಮಿನಲ್ಲೇ ಕುಂಚ ಹಿಡಿದರು. ಅಜ್ಜಿ ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕುತ್ತ ನಡೆದರು. ನಾನು ಗಂಜಿ ಪಾತ್ರೆ ಹಿಡಿದು ಹಿಂದೆ ಓಡುತ್ತಿದ್ದೆ. ಈ ಹೊತ್ತು ಮುಗಿಯದಿರಲಿ ಅನ್ನುವುದೊಂದೇ ನನ್ನ ಮನಸ್ಸಿನಲ್ಲಿತ್ತು.

ಫೋಟೋದವನು ಮದುಮಗನ ಕೈಗೆ ಹಾಸಿನ ತುದಿಯ ಕೋಲು ಕೊಟ್ಟು ಫೋಟೋ ತೆಗೆದ. ತೆಗೆದಾದ ಮೇಲೆ ಹುಡುಗ ಬಿಡಲು ಹೋದ.

"ಬುಡಬ್ಯಾಡ!" ಬೀದಿಯಿಡೀ ಕೂಗಿತು. "ಬುಟ್ರೆ ಎಲ್ಲಾ ಸಿಕ್ಕಾಗೋಯ್ತದೆ! ಎಳ್ದ್ ಇಡ್ಕೊ!"

ಹಾರ ಹಾಕಿಕೊಂಡ ಮದುಮಗ ಬೆವರುತ್ತ ಎಳೆದು ಹಿಡಿದು ನಿಂತ. ಒಳಗೆ ಪುರೋಹಿತರು ಮೈಕಿನಲ್ಲಿ ಮಾಪ್ಪಿಳ್ಳೈನ ಕರೆಯುತ್ತಲೇ ಇದ್ದರು. ಮ್ಯಾನೇಜರ್ ತಲೆಯ ಮೇಲೆ ಕೈ ಹೊತ್ತು ಓಡಿ ಬಂದ.

"ತಾತಾ, ಅವರ್ನ ಬುಡುಂಗ! ಮುಹೂರ್ತ ಮೀರೋಯ್ತಾ ಐತೆ!"

ಮಾವ ಹಾಸಿನಿಂದ ತಲೆ ಎತ್ತಲಿಲ್ಲ. "ತಾಳಿ ಒಸಿ ತಡ ಆದ್ರೂ ಕಟ್ಬೋದು ಕಣಪ್ಪ. ತೀಡೋಕ್ ಮುಂಚೆ ಗಂಜಿ ಒಣಗೋದ್ರೆ ಏನ್ ಮಾಡನ?"