ನನ್ನದೊಂದು ಫೆಬ್ರವರಿ ತಮ್ಮಲ್ಲಿ ಉಳಿದಿದೆ

ಸಮುದ್ರದಾಚೆಯ ತಂಪು ದೇಶದ ಸಾಮಾಜಿಕ ಭದ್ರತಾ ಕಚೇರಿಯ ವಿಭಾಗಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನವಿ ಮುಂಬಯಿಯ ನೆರೂಳದಿಂದ ನಳಿನಾಕ್ಷಿ ಮಾಡುವ ನಮಸ್ಕಾರಗಳು. ಇಲ್ಲಿ ನಾನೂ ನನ್ನ ಯಜಮಾನರಾದ ಗುರುವಪ್ಪನವರೂ ಕ್ಷೇಮ. ಅಲ್ಲಿ ತಾವೂ ತಮ್ಮ ಮೊಹರುಗಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ದೇಶದ ಹೆಸರನ್ನು ಬೇಕೆಂದೇ ಬರೆದಿಲ್ಲ. ಬಹಿರಂಗ ಪತ್ರವಾದ್ದರಿಂದ ನೆಂಟರಿಷ್ಟರು ಓದುತ್ತಾರೆ, ತಮ್ಮ ಮರ್ಯಾದೆಯ ಚಿಂತೆ ನನಗೂ ಇದೆ.

ತಮ್ಮ ಊರಿನ ವೃದ್ಧಾಶ್ರಮದಲ್ಲಿ ನಾನು ಹತ್ತು ವರ್ಷ ನರ್ಸಾಗಿ ದುಡಿದೆ. ಹಗಲೆಲ್ಲ ತಮ್ಮ ಹಿರಿಯರನ್ನು ಮೀಯಿಸಿ, ಉಣಿಸಿ, ತಿಂಗಳ ಕೊನೆಗೆ ಅವರ ಪಿಂಚಣಿಗೆಂದು ನನ್ನ ಸಂಬಳದಿಂದಲೇ ವಂತಿಗೆಯನ್ನೂ ಕೊಟ್ಟೆ. ಇಂಥ ಎರಡು ಕೈಯ ಪುಣ್ಯ ಊರಲ್ಲಿದ್ದಿದ್ದರೆ ನನಗೆಲ್ಲಿ ಸಿಗುತ್ತಿತ್ತು? ಹತ್ತು ವರ್ಷ ವಂತಿಗೆ ತುಂಬಿದವರಿಗೆ ಪ್ರಾಯವಾದ ಮೇಲೆ ತಾವೂ ಪಿಂಚಣಿ ಕೊಡುತ್ತೀರೆಂಬ ಭರವಸೆಯಲ್ಲಿ ಮರಳಿ ಬಂದೆ.

ಅರವತ್ತೈದು ತುಂಬಿದಾಗ ಅರ್ಜಿ ಹಾಕಿದೆ. ಒಂದು ತಿಂಗಳು ಕಡಿಮೆ ಬಿದ್ದಿದೆ, ಇಂಥ ವರ್ಷದ ಫೆಬ್ರವರಿಯಲ್ಲಿ ಅರ್ಜಿದಾರರು ಕೆಲಸದಲ್ಲಿರಲಿಲ್ಲ, ಆದ್ದರಿಂದ ಪಿಂಚಣಿ ಇಲ್ಲ ಎಂದು ತಮ್ಮ ಉತ್ತರ ಬಂತು. ಅದನ್ನು ಓದಿದ ಗುರುವಪ್ಪನವರು ಕನ್ನಡಕ ಸರಿಮಾಡಿಕೊಂಡು, "ಆ ತಿಂಗಳು ಎಲ್ಲಿಗೆ ಹೋಗಿದ್ದಿ ಮಾರಾಯ್ತಿ?" ಎಂದು ನನ್ನನ್ನೇ ಸಂಶಯದಿಂದ ನೋಡಿದರು. ತಮ್ಮ ಅಕ್ಷರಕ್ಕೆ ಅಂಥ ಶಕ್ತಿ.

ಎಲ್ಲಿಗೂ ಹೋಗಿರಲಿಲ್ಲ ಸ್ವಾಮೀ. ಆಶ್ರಮದ ತೊಂಬತ್ತೆರಡರ ಅಜ್ಜನೊಬ್ಬರು ಬರಿಗಾಲಲ್ಲಿ ಅಂಗಳದ ಹಿಮಕ್ಕೆ ಇಳಿದಾಗ ಅವರನ್ನು ಹಿಡಿಯಲು ಓಡಿ, ಜಾರಿ ಬಿದ್ದು, ಪಕ್ಕೆಲುಬು ಮುರಿದುಕೊಂಡು ತಮ್ಮದೇ ಆಸ್ಪತ್ರೆಯಲ್ಲಿ ಮಲಗಿದ್ದೆ. ಅಜ್ಜನಿಗೆ ಏನೂ ಆಗಲಿಲ್ಲ, ಅವರು ನನ್ನ ಮೇಲೆಯೇ ಬಿದ್ದಿದ್ದರು. ಇದೆಲ್ಲವನ್ನೂ ಬರೆದು ಕಳಿಸಿದಾಗ, ಮಲಗಿದ ತಿಂಗಳು ದುಡಿದ ತಿಂಗಳಾಗದು ಎಂದು ತಾವು ಎಷ್ಟು ನಯವಾಗಿ ತಿಳಿಸಿದಿರೆಂದರೆ ನನ್ನ ಪಕ್ಕೆಗೇ ನಾಚಿಕೆಯಾಯಿತು.

ಆಗ ನಾನೊಂದು ಸಣ್ಣ ಪ್ರಾರ್ಥನೆ ಮಾಡಿದ್ದೆ. ತಮ್ಮವರು ಹಬ್ಬಕ್ಕೆ ಮನೆಗೆ ಹೋಗಲೆಂದು ನಾನು ಮಾಡಿದ ಕ್ರಿಸ್‌ಮಸ್ ಪಾಳಿಗಳನ್ನೂ ಆ ವರ್ಷಗಳಲ್ಲಿ ಬಂದ ಫೆಬ್ರವರಿ ಇಪ್ಪತ್ತೊಂಬತ್ತುಗಳನ್ನೂ ಒಟ್ಟು ಹೊಲಿದು ಒಂದು ತಿಂಗಳು ಮಾಡಿಕೊಡಿ, ಆಗದಿದ್ದರೆ ಒಂದು ತಿಂಗಳ ವೀಸಾ ಕಳಿಸಿ, ಕೋಲೂರಿಕೊಂಡಾದರೂ ಬಂದು ದುಡಿದು ಹೋಗುತ್ತೇನೆ ಎಂದು. ಅಂಥ ನಮೂನೆ ನಮ್ಮಲ್ಲಿಲ್ಲ ಎಂದಿರಿ.

ಕಡೆಗೆ ದಾರಿ ತೋರಿಸಿದವರು ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ, ವಿಜಯಪುರದ ಕಡೆಯ ದಾನಮ್ಮ. ಬೇರೊಂದು ಕಾಗದಕ್ಕೆ ಸಹಿ ಕೇಳಲು ಹೋಗಿದ್ದ ನನ್ನ ಕೈಯಿಂದ ತಮ್ಮ ಪತ್ರವನ್ನು ತೆಗೆದುಕೊಂಡು ಎರಡು ಸಲ ಓದಿ, "ಅಕ್ಕಾರ, ಹೊರದೇಶಕ್ಕ ಹೋಗೂಕಿಂತ ಮೊದಲ ಇಲ್ಲೆಲ್ಲೂ ನೌಕರಿ ಮಾಡಿಲ್ಲೇನ್ರಿ?" ಎಂದರು. ಠಾಣೆಯ ನರ್ಸಿಂಗ್ ಹೋಮಿನಲ್ಲಿ ಮೂರು ವರ್ಷವಿದ್ದೆ, ಪಿಎಫ್ ಕಟ್ಟಾಗುತ್ತಿತ್ತು ಎಂದೆ. "ಹಂಗಾರ ಅಳೂದ್ಯಾಕ್ರಿ? ಎರಡೂ ಸರಕಾರದ ನಡುವ ಒಪ್ಪಂದ ಐತಿ. ಅಲ್ಲಿ ಕಡಿಮಿ ಬಿದ್ದದ್ದಕ್ಕ ಇಲ್ಲಿ ದುಡದದ್ದು ಕೂಡಸ್ತಾರ." ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಆ ನರ್ಸಿಂಗ್ ಹೋಮ್ ಇದ್ದ ಜಾಗದಲ್ಲಿ ಈಗ ಮೊಬೈಲಿನ ಅಂಗಡಿಯಿದೆ. ಆದರೂ ದಾನಮ್ಮ ಪಿಎಫ್ ಕಚೇರಿಯ ಹಳೆಯ ದಾಖಲೆ ಹುಡುಕಿಸಿ, ಪ್ರಮಾಣಪತ್ರ ಮಾಡಿಸಿ ತಮಗೆ ತಲುಪಿಸಿದರು. ಸೀರೆ ಕೊಡಹೋದರೆ ಬೇಡವೆಂದು, ಪತ್ರೊಡೆಯ ಡಬ್ಬಿಯನ್ನಷ್ಟೇ ಇಟ್ಟುಕೊಂಡರು.

ಹೋದ ವಾರ ತಾವು ಪಿಂಚಣಿ ಮಂಜೂರು ಮಾಡಿದಿರಿ. ಜೊತೆಗೆ, ಈ ಒಪ್ಪಂದದ ವಿಷಯವನ್ನು ಅರ್ಜಿದಾರರು ಮೊದಲೇ ನಮ್ಮ ಗಮನಕ್ಕೆ ತರಬೇಕಿತ್ತು ಎಂಬ ಬುದ್ಧಿಮಾತನ್ನೂ ಹೇಳಿದಿರಿ. ತಪ್ಪಾಯಿತು. ತಮ್ಮ ಸರಕಾರ ಎಲ್ಲೆಲ್ಲಿ ಸಹಿ ಹಾಕಿದೆಯೆಂದು ನೆರೂಳದಿಂದ ಆಗಾಗ ತಿಳಿಸುತ್ತಿರುತ್ತೇನೆ.

ಒಂದು ತಿಂಗಳು ಬಿಟ್ಟು ಉಳಿದೆಲ್ಲ ತಿಂಗಳುಗಳಲ್ಲಿ
ತಮ್ಮ ವಿಶ್ವಾಸಿ,
ನಳಿನಾಕ್ಷಿ

ಮರೆತ ಮಾತು: ಮಂಜೂರಾತಿ ಪತ್ರದಲ್ಲಿ ನನ್ನನ್ನು 'ಶ್ರೀಮಾನ್ ನಳಿನಾಕ್ಷಿ' ಎಂದು ಕರೆದಿದ್ದೀರಿ. ತಿದ್ದಬೇಕೆಂದರೆ ಹೊಸ ನಮೂನೆ, ಅದರ ಬೆನ್ನಿಗೊಂದು ಡಾಕ್ಟರ ಸರ್ಟಿಫಿಕೇಟು ಬೇಕಾದೀತು. ದಯವಿಟ್ಟು ಹಾಗೆಯೇ ಇರಲಿ. ಗುರುವಪ್ಪನವರನ್ನು ಕೇಳಿದ್ದೇನೆ, ಅವರ ಆಕ್ಷೇಪವೇನೂ ಇಲ್ಲ.